ರಿಪೇರಿಗೆ ಮುಂಚೆ ಡೇಟಾ: ಲ್ಯಾಪ್‌ಟಾಪ್ ಕೈಕೊಟ್ಟಾಗ ಮಾಡುವ ಕೆಲಸ, ಮಾಡಬಾರದ ಕೆಲಸ

"ನಿನ್ನೆ ರಾತ್ರಿ ತನಕ ಚಲೋ ಇತ್ರೀ, ಇವತ್ತು ಆನೇ ಆಗವಲ್ದು." ಬಳ್ಳಾರಿ, ಕೊಪ್ಪಳ, ರಾಯಚೂರು, ಯಾವ ಊರಿನ ರಿಪೇರಿ ಕೌಂಟರಿನಲ್ಲಿ ನಿಂತರೂ ಕೇಳುವ ಮಾತು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಎಲ್ಲಾ ಕೆಲಸ ಅದರಾಗೇ ಐತ್ರೀ." ಎರಡೂ ಒಂದೇ ಉಸಿರಿನಲ್ಲಿ ಬರುವುದರಿಂದ ಇವು ಬೇರೆ ಬೇರೆ ಕೆಲಸ ಅನ್ನುವುದು ಗಿರಾಕಿಗೂ ಮರೆಯುತ್ತದೆ, ಕೆಲವು ಸಲ ಮೆಕ್ಯಾನಿಕ್‌ಗೂ ಮರೆಯುತ್ತದೆ. ಲ್ಯಾಪ್‌ಟಾಪ್ ಚಾಲೂ ಮಾಡಲು ಹತ್ತಿರದ ದಾರಿ ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕುವುದು. ಫೈಲ್‌ಗಳ ಮಟ್ಟಿಗೆ ಅದೇ ಸಮಾಧಿ.

ಹಾಗಾಗಿ ಯಂತ್ರ ಕೈಗೆ ಕೊಡುವಾಗಲೇ "ಡೇಟಾ ಬೇಕು, ಕೇಳದೆ ಫಾರ್ಮ್ಯಾಟ್ ಮಾಡಬೇಡಿ" ಎಂದು ಹೇಳಿ, ಜಾಬ್ ಶೀಟ್ ಮೇಲೆ ಬರೆಸಿ. ಯಾವ ಡೇಟಾ ಅನ್ನುವುದನ್ನೂ ಬರೆಸಿ: ಟ್ಯಾಲಿ ತಂತ್ರಾಂಶದ ಲೆಕ್ಕಪತ್ರ, ಮದುವೆ ಫೋಟೊ, ಡೆಸ್ಕ್‌ಟಾಪ್ ಮೇಲಿನ, ನುಡಿ ಎಂಬ ಕನ್ನಡ ಬರವಣಿಗೆ ತಂತ್ರಾಂಶದ ಫೈಲ್‌ಗಳು, ಹೀಗೆ. "ಎಲ್ಲಾ ಬೇಕು" ಅಂದರೆ ಮೆಕ್ಯಾನಿಕ್ ಸಾಮಾನ್ಯವಾಗಿ ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಪಿಕ್ಚರ್ಸ್ ನೋಡಿ ಮುಗಿಸುತ್ತಾನೆ. ಟ್ಯಾಲಿಯ ಡೇಟಾ ಆ ಮೂರರಲ್ಲೂ ಇರುವುದಿಲ್ಲ. ಅದು ಟ್ಯಾಲಿಯದೇ ಡೇಟಾ ಫೋಲ್ಡರಿನೊಳಗೆ, ಬರೀ ನಂಬರ್ ಹೆಸರಿನ ಒಳಫೋಲ್ಡರ್‌ಗಳಲ್ಲಿ ಕೂತಿರುತ್ತದೆ. ಒಂದು ಕಂಪನಿಗೆ ಒಂದು ನಂಬರ್. ಆ ಫೋಲ್ಡರ್ ಇಡಿಯಾಗಿ ಬಂದರಷ್ಟೇ ಲೆಕ್ಕ ತೆರೆಯುತ್ತದೆ.

ಪೂರ್ತಿ ಸತ್ತ ಲ್ಯಾಪ್‌ಟಾಪ್‌ಗೆ, ಅಂದರೆ ದೀಪ ಇಲ್ಲ, ಫ್ಯಾನ್ ಇಲ್ಲ ಅನ್ನುವ ಯಂತ್ರಕ್ಕೆ, ಅಷ್ಟು ಹೆದರಬೇಕಿಲ್ಲ. ಕರೆಂಟಿನ ದಾರಿಯಲ್ಲಿ ದೋಷ ಇದ್ದರೆ ಡಿಸ್ಕ್ ಬಹುಪಾಲು ಸುರಕ್ಷಿತ. ಮೊದಲು ಚಾರ್ಜರ್ ನೋಡಿ. ಅದರ ಮೇಲೆ 19.5 ವೋಲ್ಟ್, 3.33 ಆಂಪ್ ಎಂದಿದ್ದರೆ ಅದು 65 ವ್ಯಾಟ್‌ನದು. ಮಲ್ಟಿಮೀಟರ್ ಡಿಸಿಗೆ ಇಟ್ಟು ಪಿನ್ನಿನಲ್ಲಿ ಅಳೆದರೆ 19ರ ಆಸುಪಾಸು ಬರಬೇಕು. ಟೈಪ್-ಸಿ ಚಾರ್ಜರ್‌ಗೆ ಈ ಅಳತೆ ನಡೆಯುವುದಿಲ್ಲ. ಲ್ಯಾಪ್‌ಟಾಪ್ ಕೇಳಿದ ಮೇಲೆಯೇ ಅದು 20 ವೋಲ್ಟ್‌ಗೆ ಏರುವುದು, ಅದನ್ನು ಇನ್ನೊಂದು ಯಂತ್ರಕ್ಕೆ ಹಾಕಿಯೇ ನೋಡಬೇಕು. ಚಾರ್ಜರ್ ಸರಿ ಇದ್ದರೆ ಅದನ್ನು ಕಿತ್ತು, ಬ್ಯಾಟರಿ ಬಿಚ್ಚಲು ಬರುವಂತಿದ್ದರೆ ಬಿಚ್ಚಿ, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಚಾರ್ಜ್ ಇಳಿದು ಎಷ್ಟೋ ಯಂತ್ರ ಅಲ್ಲೇ ಎದ್ದುಬಿಡುತ್ತವೆ. ಫ್ಯಾನ್ ತಿರುಗಿ ಪರದೆ ಮಾತ್ರ ಕಪ್ಪಾಗಿದ್ದರೆ ಎಚ್‌ಡಿಎಂಐ ವೈರಿನಿಂದ ಟಿವಿಗೆ ಜೋಡಿಸಿ ನೋಡಿ. ಕ್ಯಾಪ್ಸ್ ಲಾಕ್ ದೀಪ ಲೆಕ್ಕ ಹಾಕಿದಂತೆ ಮಿನುಗುತ್ತಿದ್ದರೆ ಮೊದಲ ಅನುಮಾನ ರ‍್ಯಾಮ್ ಮೇಲೆ. ಅದನ್ನು ಬಿಚ್ಚಿ ಚಿನ್ನದ ಬಣ್ಣದ ತುದಿಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, 'ಟಕ್' ಅನ್ನುವ ತನಕ ಕೂರಿಸಿ.

ಇಷ್ಟಕ್ಕೂ ಏಳದಿದ್ದರೆ ಮದರ್‌ಬೋರ್ಡ್ ಕೆಲಸ. ಅದಕ್ಕೆ ದಿನಗಳೇ ಹಿಡಿಯಬಹುದು, ಡೇಟಾ ಅಲ್ಲಿಯವರೆಗೆ ಕಾಯಬೇಕಿಲ್ಲ. ಡಿಸ್ಕ್ ಬಿಚ್ಚಿ, ಅದಕ್ಕೆಂದೇ ಸಿಗುವ ಸಣ್ಣ ಡಬ್ಬಿಯಾದ ಕೇಸಿಂಗ್‌ಗೆ ಹಾಕಿ ಯುಎಸ್‌ಬಿ ಮೂಲಕ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಆಯಿತು. ಹಳೆಯ ಎರಡೂವರೆ ಇಂಚಿನ ಡಿಸ್ಕ್‌ಗೆ ಸಾಟಾ (ಹಳೆಯ ಬಗೆಯ ಜೋಡಣೆ) ಕೇಸಿಂಗ್. ಚೂಯಿಂಗ್ ಗಮ್ ಪಟ್ಟಿಯಂಥ, ತಿರುಗುವ ತಟ್ಟೆ ಇಲ್ಲದೆ ಚಿಪ್ಪಿನಲ್ಲೇ ಡೇಟಾ ಇಡುವ ಎಂ.2 ಎಸ್‌ಎಸ್‌ಡಿಯಲ್ಲಿ ಎರಡು ಜಾತಿ, ಸಾಟಾ ಮತ್ತು ಅದಕ್ಕಿಂತ ವೇಗದ ಎನ್‌ವಿಎಂಇ. ತುದಿಯಲ್ಲಿ ಎರಡು ಕಚ್ಚು ಇದ್ದರೆ ಸಾಮಾನ್ಯವಾಗಿ ಸಾಟಾ, ಒಂದೇ ಇದ್ದರೆ ಸಾಮಾನ್ಯವಾಗಿ ಎನ್‌ವಿಎಂಇ. ಸಾಟಾಗಷ್ಟೇ ಮಾಡಿದ ಕೇಸಿಂಗ್‌ನಲ್ಲಿ ಎನ್‌ವಿಎಂಇ ಕಾಣಿಸುವುದೇ ಇಲ್ಲ. ಕಾಣಲಿಲ್ಲವೆಂದು ಒಳ್ಳೆಯ ಡಿಸ್ಕನ್ನು 'ಹೋಗಿದೆ' ಅಂದುಬಿಡುವುದೂ ನಡೆಯುತ್ತದೆ. ಕೆಲವು ತೆಳು ಮಾಡೆಲ್‌ಗಳಲ್ಲಿ ಸ್ಟೋರೇಜ್ ಚಿಪ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಅಲ್ಲಿ ಮಾತ್ರ ಬೋರ್ಡ್ ಎದ್ದರೇ ಡೇಟಾ.

ಇನ್ನು ನಿಜವಾದ ಕಷ್ಟ, ಡಿಸ್ಕೇ ಸಾಯುತ್ತಿರುವುದು. ಯಂತ್ರ ಆನ್ ಆಗುತ್ತದೆ, ಆದರೆ ಒಂದು ಫೋಲ್ಡರ್ ತೆರೆಯಲು ಎರಡು ನಿಮಿಷ. ಕಾಪಿ ಅರ್ಧಕ್ಕೆ ನಿಲ್ಲುತ್ತದೆ. 'ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು' ಎಂದು ವಿಂಡೋಸ್ ಕೇಳುತ್ತದೆ. ಕೆಲವು ಸಲ ಒಳಗಿನಿಂದ 'ಟಿಕ್... ಟಿಕ್... ಟಿಕ್' ಸದ್ದು. ಹಾರ್ಡ್ ಡಿಸ್ಕಿನಲ್ಲಿ ಓದುವ ಹೆಡ್ಡು ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಒಂದು ಕೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರ್, ಅಂದಮೇಲೆ ಆ ಸಂದು ಎಷ್ಟು ಕಿರಿದು ಲೆಕ್ಕ ಹಾಕಿ. ಹೆಡ್ಡು ತಟ್ಟೆಗೆ ತಾಗಿದರೆ ಕಾಂತೀಯ ಲೇಪನ ಕೆರೆದುಬರುತ್ತದೆ, ಆ ಪುಡಿ ಪಕ್ಕದ ಜಾಗವನ್ನೂ ಕೆರೆಯುತ್ತದೆ. 'ಇನ್ನೊಂದ್ಸಲ ಆನ್ ಮಾಡಿ ನೋಡೋಣ' ಎಂದಷ್ಟೂ ಫೈಲ್ ಹುಡಿಯಾಗುತ್ತಿರುತ್ತದೆ. ಸದ್ದು ಕೇಳಿದ ಕ್ಷಣ ಪವರ್ ಬಟನ್ ಒತ್ತಿ ಹಿಡಿದು ಆರಿಸಿ, ಮತ್ತೆ ಹಚ್ಚಬೇಡಿ. ಫ್ರಿಜ್ಜಿನಲ್ಲಿಡುವುದು, ಅಂಗೈ ಮೇಲೆ ತಟ್ಟುವುದು, ಮುಚ್ಚಳ ಬಿಚ್ಚಿ ನೋಡುವುದು ಯಾವುದೂ ಬೇಡ. ಮುಚ್ಚಳ ಬಿಚ್ಚುವುದು ಧೂಳೇ ಇಲ್ಲದ ಕ್ಲೀನ್ ರೂಮಿನ ಕೆಲಸ. ಅದೇ ಮಾಡೆಲ್ಲಿನ ಇನ್ನೊಂದು ಡಿಸ್ಕಿನ ಹೆಡ್ಡು ತಂದು ಕೂರಿಸಬೇಕಾಗುತ್ತದೆ, ಅದು ಮಹಾನಗರದ ಲ್ಯಾಬಿನ ಮಾತು. ಸ್ಥಳೀಯ ಅಂಗಡಿಯವರು "ಇದು ನಮ್ಮ ಕೈಯಲ್ಲಾಗದು" ಅಂದರೆ ಬೇಸರ ಬೇಡ, ಅವರು ನಿಮಗೆ ಉಪಕಾರ ಮಾಡುತ್ತಿದ್ದಾರೆ.

ಸದ್ದಿಲ್ಲದೆ ನಿಧಾನವಾಗಿರುವ ಡಿಸ್ಕ್ ಆದರೆ ಕೈಗೆ ಬರುವ ಸಾಧ್ಯತೆ ಚೆನ್ನಾಗಿದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ತೆರೆದರೆ ಡಿಸ್ಕಿನ ನಾಡಿ ಸಿಗುತ್ತದೆ. ಪಟ್ಟಿಯಲ್ಲಿ ಮೂರು ಸಾಲು ನೋಡಿ: 05, ಸಿ5, ಸಿ6. 05 ಅಂದರೆ ಕೆಟ್ಟ ಜಾಗವನ್ನು ಬಿಟ್ಟು ಮೀಸಲು ಜಾಗಕ್ಕೆ ಸರಿಸಿದ ಲೆಕ್ಕ. ಸಿ5 ಅಂದರೆ ಓದಲು ತಿಣುಕುತ್ತಿರುವ, ಇನ್ನೂ ತೀರ್ಮಾನವಾಗದ ಸಣ್ಣ ತುಣುಕು ಜಾಗ, ಅಂದರೆ ಸೆಕ್ಟರ್‌ಗಳು. ಸಿ6 ಅಂದರೆ ಓದಲಾಗದೇ ಹೋದವು. ಸಿ5 ದಿನದಿಂದ ದಿನಕ್ಕೆ ಏರುತ್ತಿದ್ದರೆ ಆ ಡಿಸ್ಕ್ ಜತೆ ಬೇರೆ ಪ್ರಯೋಗ ಬೇಡ. ಸಿ7 (ಡೇಟಾ ಸಾಗುವಾಗ ಆದ ತಪ್ಪಿನ ಲೆಕ್ಕ) ಮಾತ್ರ ಏರಿದ್ದರೆ ದೋಷ ಹೆಚ್ಚಾಗಿ ಕೇಬಲ್ಲಿನದು, ಡಿಸ್ಕಿನದಲ್ಲ.

ಇಂಥ ಡಿಸ್ಕಿಗೆ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸುವುದು ಅತಿ ಸಾಮಾನ್ಯ ತಪ್ಪು. ಫೈಲ್ ಸಿಸ್ಟಂ (ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿ) ಸರಿಪಡಿಸುವುದು ಚೆಕ್‌ಡಿಸ್ಕಿನ ಕೆಲಸ, ನಿಮ್ಮ ಫೈಲ್ ಉಳಿಸುವುದಲ್ಲ. ಓದಲಾಗದ ದಾಖಲೆಯನ್ನು ಅದು ಕತ್ತರಿಸಿ ಎಸೆಯುತ್ತದೆ, ಉಳಿದ ತುಂಡುಗಳನ್ನು ಹೆಸರಿಲ್ಲದೆ ಇನ್ನೊಂದು ಫೋಲ್ಡರಿಗೆ ತುಂಬುತ್ತದೆ. ಸರಿಯಾದ ಕ್ರಮ ಇದು: ಮೊದಲು ಇಡೀ ಡಿಸ್ಕಿನ ನಕಲು, ಆಮೇಲೆ ನಕಲಿನ ಮೇಲೆ ಎಲ್ಲ ಸರ್ಕಸ್ಸು. ಲಿನಕ್ಸ್‌ನ ಡಿಡಿರೆಸ್ಕ್ಯೂ ತಂತ್ರಾಂಶ ಇದಕ್ಕೆಂದೇ ಇದೆ. ಅದು ಮೊದಲ ಸುತ್ತಿನಲ್ಲಿ ಸಲೀಸಾಗಿ ಓದಲು ಬರುವ ಭಾಗವನ್ನೆಲ್ಲ ಎತ್ತಿಕೊಂಡು ಕೆಟ್ಟ ಜಾಗಗಳನ್ನು ಹಾರಿಹೋಗುತ್ತದೆ, ಕೆಟ್ಟದ್ದಕ್ಕೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿಯವರೆಗೆ ಓದಿದೆ ಎಂದು ಬರೆದಿಡುವ ಮ್ಯಾಪ್ ಫೈಲ್ ಕೊಟ್ಟು ಓಡಿಸಿದರೆ ನಡುವೆ ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ, ನಮ್ಮ ಕಡೆ ಈ ಸೌಕರ್ಯ ಸಣ್ಣದಲ್ಲ. ನಕಲು ಹೋಗಿ ಕೂರುವ ಡಿಸ್ಕ್ ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. 1 ಟಿಬಿ ಡಿಸ್ಕಿನಲ್ಲಿ 80 ಜಿಬಿ ಮಾತ್ರ ತುಂಬಿದ್ದರೂ ನಕಲಿಗೆ 1 ಟಿಬಿ ಬೇಕು.

ಕೈತಪ್ಪಿ ಅಳಿಸಿದ ಫೈಲ್ ಮರಳಿ ತರುವ ತಂತ್ರಾಂಶಗಳಿಗೂ ಇದೇ ನಿಯಮ. ಯಾವ ಡಿಸ್ಕಿನಿಂದ ಅಳಿದಿದೆಯೋ ಅದೇ ಡಿಸ್ಕಿನಲ್ಲಿ ರಿಕವರಿ ತಂತ್ರಾಂಶ ಹಾಕಿದರೆ, ಹುಡುಕುತ್ತಿರುವ ಫೈಲಿನ ಮೇಲೇ ಅದು ಕೂರಬಹುದು. ಫೋಟೊರೆಕ್ ತರಹದವು ಫೈಲ್ ತಂದುಕೊಡುತ್ತವೆ, ಆದರೆ ಹೆಸರೂ ಫೋಲ್ಡರೂ ಇರುವುದಿಲ್ಲ. ಸಾವಿರಾರು ನಂಬರ್ ಫೈಲ್ ಎದುರಿಗೆ ಬಿದ್ದಾಗ, ವರ್ಡ್ ದಾಖಲೆಗಳ ಪ್ರಾಪರ್ಟೀಸ್‌ನಲ್ಲಿ 'ಕೊನೆಯ ಬಾರಿ ಉಳಿಸಿದ್ದು' ಎಂಬ ತಾರೀಕು ಉಳಿದಿರುತ್ತದೆ. ಅದರ ಮೇಲೆ ವಿಂಗಡಿಸಿ. ಜೀನ್ಸ್ ಲೇಬಲ್, ಫ್ಲೆಕ್ಸ್ ಡಿಸೈನ್ ಮಾಡುವವರು ಕೋರೆಲ್‌ಡ್ರಾ ಫೈಲ್ ತೆರೆಯದಿದ್ದರೆ 'ಬ್ಯಾಕಪ್ ಆಫ್' ಎಂದು ಶುರುವಾಗುವ ಹೆಸರು ಹುಡುಕಲಿ. ಹಿಂದಿನ ಸಲ ಸೇವ್ ಮಾಡಿದ ಪ್ರತಿ ಅದು.

ಡಿಟಿಪಿಯವರಿಗೆ (ಮುದ್ರಣಕ್ಕೆ ಪುಟ ಜೋಡಿಸುವವರಿಗೆ) ಇನ್ನೊಂದು ಮಾತು. ಫೈಲ್ ಬಂದಿದೆ, ತೆರೆದರೆ ಕನ್ನಡದ ಬದಲು ತಲೆಯ ಮೇಲೆ ಚುಕ್ಕಿ, ಟೋಪಿ ಇಟ್ಟ ಯುರೋಪಿನ ಅಕ್ಷರಗಳ ಸಾಲು. "ಫೈಲ್ ಕರಪ್ಟ್ ಆಗೇತಿ" ಅಂದು ಅಳಿಸಿಬಿಟ್ಟೀರಿ! ಹಳೆಯ ನುಡಿ, ಬರಹ ತಂತ್ರಾಂಶಗಳ ಆಸ್ಕಿ (ಯೂನಿಕೋಡ್‌ಗೆ ಮುಂಚಿನ) ಫಾಂಟ್‌ಗಳು ಕನ್ನಡದ ತುಂಡುಗಳನ್ನು ಇಂಗ್ಲಿಷ್, ಯುರೋಪ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ಹೊಸ ಯಂತ್ರದಲ್ಲಿ ಆ ಫಾಂಟ್ ಇಲ್ಲ, ಅಷ್ಟೇ. ನುಡಿ ಹಾಕಿ, ಪಠ್ಯವೆಲ್ಲ ಆಯ್ದು 'ನುಡಿ 01 ಇ' ಫಾಂಟ್ ಕೊಟ್ಟರೆ ಕನ್ನಡ ಮರಳುತ್ತದೆ. ಆಮೇಲೆ ಆ ಫಾಂಟ್ ಇಲ್ಲದೆಯೂ ಓದಲು ಬರುವ ಯೂನಿಕೋಡ್‌ಗೆ ಪರಿವರ್ತಿಸಿ ಇಟ್ಟುಕೊಳ್ಳಿ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವೊತ್ತು ಅಲ್ಲಲ್ಲಿ ತಪ್ಪುವುದರಿಂದ ಮೂಲ ಪ್ರತಿ ಅಳಿಸಬೇಡಿ.

ಎಸ್‌ಎಸ್‌ಡಿಯ ಗುಣ ಬೇರೆ. ಬಿದ್ದರೆ ಏಟು ತಾಳುತ್ತದೆ, ಸದ್ದು ಮಾಡುವುದಿಲ್ಲ. ಆದರೆ ಸಾಯುವಾಗ ಮುನ್ಸೂಚನೆ ಕೊಡುವುದೂ ಅಪರೂಪ. ಅಳಿಸಿದ ಫೈಲಿನ ವಿಷಯದಲ್ಲಿ ಅದು ಇನ್ನೂ ನಿರ್ದಯಿ. ವಿಂಡೋಸ್ ಟ್ರಿಮ್ ಎಂಬ ಆಜ್ಞೆ ಕಳಿಸಿ 'ಈ ಜಾಗ ಖಾಲಿ' ಎಂದು ತಿಳಿಸುತ್ತದೆ, ಎಸ್‌ಎಸ್‌ಡಿ ತನ್ನ ಬಿಡುವಿನಲ್ಲಿ ಅದನ್ನು ನಿಜಕ್ಕೂ ಒರೆಸಿಹಾಕುತ್ತದೆ. ರೀಸೈಕಲ್ ಬಿನ್ ಖಾಲಿ ಮಾಡಿ ವಾರದ ಮೇಲೆ ಬಂದರೆ ಯಾರ ಕೈಯಲ್ಲೂ ಏನೂ ಇಲ್ಲ.

ಇತ್ತೀಚಿನ ತೊಡಕು, ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿ ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ, ಬಹುತೇಕ ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಹೋಗುತ್ತದೆ. ಬೀಗದ ಕೈ ಮದರ್‌ಬೋರ್ಡಿನ ಟಿಪಿಎಂ ಎಂಬ ಭದ್ರತಾ ಚಿಪ್ಪಿನಲ್ಲಿರುವುದರಿಂದ ಬೋರ್ಡ್ ಬದಲಿಸಿದರೆ, ಡಿಸ್ಕ್ ಬೇರೆ ಯಂತ್ರಕ್ಕೆ ಹಾಕಿದರೆ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಆರಾರು ಅಂಕಿಯ ಎಂಟು ಗುಂಪು. ಅದು ಇರುವುದು ಲ್ಯಾಪ್‌ಟಾಪ್ ಮೊದಲ ದಿನ ಚಾಲೂ ಮಾಡುವಾಗ ಹಾಕಿದ ಖಾತೆಯಲ್ಲಿ. ಆ ಖಾತೆ ಎಷ್ಟೋ ಸಲ ನಿಮ್ಮದಾಗಿರುವುದಿಲ್ಲ. ಅಳಿಯನ ಜಿಮೇಲ್ ಇರಬಹುದು, ಅಂಗಡಿಯ ಹುಡುಗ ಆ ಹೊತ್ತಿಗೆ ಸೃಷ್ಟಿಸಿಕೊಟ್ಟ ಖಾತೆ ಇರಬಹುದು. ಪರದೆಯ ಮೇಲಿನ ಕೀ ಐಡಿಯ ಮೊದಲ ಎಂಟು ಅಕ್ಷರವನ್ನು ಖಾತೆಯಲ್ಲಿ ಕಾಣುವ ಐಡಿ ಜತೆ ತಾಳೆ ನೋಡಿ, ಹೊಂದಿದ್ದನ್ನೇ ಹಾಕಬೇಕು. ಕೀ ಎಲ್ಲೂ ಇಲ್ಲದಿದ್ದರೆ ಡಿಸ್ಕ್ ಎಷ್ಟೇ ಆರೋಗ್ಯವಾಗಿದ್ದರೂ ಡೇಟಾ ಬರುವುದಿಲ್ಲ. ಲ್ಯಾಪ್‌ಟಾಪ್ ಚೆನ್ನಾಗಿರುವ ಇವತ್ತೇ ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದೆಯೇ ನೋಡಿ, ಇದ್ದರೆ ಕೀ ಪ್ರಿಂಟ್ ಹಾಕಿ ಮನೆಯ ಕಾಗದಪತ್ರಗಳ ಜತೆ ಇಡಿ.

ನಮ್ಮ ಜಿಲ್ಲೆಗಳ ಹವೆಯೂ ಪಾಲುದಾರ. ಸಂಡೂರು, ಹೊಸಪೇಟೆ ಕಡೆಯ ಕೆಂಪು ಅದಿರಿನ ಧೂಳು, ಗಿಣಿಗೇರಾ ಸುತ್ತಿನ ಕಾರ್ಖಾನೆಯ ಕಪ್ಪು, ಶಕ್ತಿನಗರದ ಹಾರುಬೂದಿ, ಗಂಗಾವತಿ, ಸಿಂಧನೂರಿನ ರೈಸ್ ಮಿಲ್ಲಿನ ತೌಡು, ಎಲ್ಲವೂ ಹೋಗಿ ಕೂರುವುದು ಫ್ಯಾನಿಗೂ ಬಿಸಿ ಹೊರಹಾಕುವ ಹೀಟ್‌ಸಿಂಕಿನ ರೆಕ್ಕೆಗಳಿಗೂ ನಡುವೆ. ಬಿಚ್ಚಿದರೆ ಕಂಬಳಿ ತುಂಡಿನಂಥ ಪದರ ಎದ್ದುಬರುತ್ತದೆ. ಹೊರಗಿನಿಂದ ಬ್ಲೋಯರ್ ಊದಿದರೆ ಅದು ಇನ್ನೂ ಒಳಕ್ಕೆ ಬಿಗಿಯುತ್ತದೆ. ಫ್ಯಾನ್ ಬಿಚ್ಚಿಯೇ ತೆಗೆಯಬೇಕು, ಊದುವಾಗ ಅದರ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಇಲ್ಲದಿದ್ದರೆ ಮಿತಿಮೀರಿ ತಿರುಗಿ ಬೇರಿಂಗ್ ಹೋಗುತ್ತದೆ. ಹೀಟ್‌ಸಿಂಕ್ ಎತ್ತಿದಾಗಲೆಲ್ಲ ಬಿಸಿ ಸಾಗಿಸುವ ಹಳೆಯ ಪೇಸ್ಟ್ ಒರೆಸಿ ಹೊಸದು ಹಾಕಬೇಕು, ಒಂದು ಜೋಳದ ಕಾಳಿನಷ್ಟು ಸಾಕು. ಏಪ್ರಿಲ್, ಮೇನಲ್ಲಿ ಕೋಣೆಯ ಬಿಸಿಯೇ 40 ಡಿಗ್ರಿ ಇರುವಾಗ ಹಾಸಿಗೆ ಮೇಲೆ ಇಟ್ಟು ಕೆಲಸ ಮಾಡಿದರೆ ಪ್ರೊಸೆಸರ್ 100 ಡಿಗ್ರಿ ಮುಟ್ಟಿ ತಾನಾಗಿ ಆರುತ್ತದೆ. ಅದನ್ನು ವೈರಸ್ ಎಂದುಕೊಂಡು ಫಾರ್ಮ್ಯಾಟ್ ಮಾಡಿಸಿದವರು ಕಮ್ಮಿಯಿಲ್ಲ.

ಇನ್ನೊಂದು ರೂಢಿ, ಬ್ಯಾಟರಿ ಸತ್ತರೂ ನೇರ ಚಾರ್ಜರ್ ಮೇಲೆ ವರ್ಷಗಟ್ಟಲೆ ಓಡಿಸುವುದು. ಕರೆಂಟ್ ಹೋದಾಗಲೆಲ್ಲ ಬರೆಯುತ್ತಿದ್ದ ಫೈಲ್ ಅರ್ಧಕ್ಕೆ ಕತ್ತರಿಸುತ್ತದೆ. ಟ್ಯಾಲಿ ಡೇಟಾ ಕೆಡುವುದಕ್ಕೆ ಇದಕ್ಕಿಂತ ಸಾಮಾನ್ಯ ಕಾರಣ ಬೇರೆ ಸಿಗದು. ಹೊಸ ಬ್ಯಾಟರಿಯ ದುಡ್ಡು ರಿಕವರಿಗೆ ಆಗುವ ಖರ್ಚಿನ ಮುಂದೆ ಏನೂ ಅಲ್ಲ. ಟಚ್‌ಪ್ಯಾಡ್ ಉಬ್ಬಿ ಮೇಲೆ ಬಂದಿದ್ದರೆ ಅದು ಊದಿದ ಬ್ಯಾಟರಿ. ಒತ್ತಿ ಕೂರಿಸಬೇಡಿ, ಬೆಂಕಿ ಹೊತ್ತೀತು.

ಚಹಾ ಚೆಲ್ಲಿದರೆ ಆರಿಸಿ, ಚಾರ್ಜರ್ ಕಿತ್ತು, ಡೇರೆಯಂತೆ ಬೋರಲು ಹಾಕಿ, ಆನ್ ಮಾಡದೆ ಅಂಗಡಿಗೆ ತನ್ನಿ. ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ. ಗಂಗಾವತಿ ಸೋನಾ ಮಸೂರಿಯೇ ಆದರೂ ಬೋರ್ಡಿನ ಮೇಲಿನ ಸಕ್ಕರೆ ಪಾಕವನ್ನು ಅದು ಹೀರುವುದಿಲ್ಲ.

ಬ್ಯಾಕಪ್ ವಿಷಯಕ್ಕೆ ಬಂದರೆ "ಡಿ ಡ್ರೈವ್‌ನಾಗ ಇಟ್ಟೀನಿ" ಅನ್ನುವುದು ಬ್ಯಾಕಪ್ ಅಲ್ಲ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಖಾನೆ, ಹೋದರೆ ಒಟ್ಟಿಗೇ ಹೋಗುತ್ತವೆ. ಗೂಗಲ್ ಡ್ರೈವ್ 15 ಜಿಬಿ ಉಚಿತ ಕೊಡುತ್ತದೆ, ದಾಖಲೆಗಳಿಗೆ ಸಾಕು. ಆದರೆ ಸಿಂಕ್ ಆಗುವ ಫೋಲ್ಡರಿನಲ್ಲಿ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಕಸದಬುಟ್ಟಿಯಲ್ಲಿ 30 ದಿನ ಇದ್ದು ಮಾಯವಾಗುತ್ತದೆ. ಎರಡು ಎಕ್ಸ್‌ಟರ್ನಲ್ ಡಿಸ್ಕ್ ಇಟ್ಟುಕೊಂಡು, ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ, ಶನಿವಾರಕ್ಕೊಮ್ಮೆ ಅದಲುಬದಲು ಮಾಡಿ. ಕಾಪಿ ಮುಗಿದ ಕೂಡಲೇ ಕಿತ್ತಿಡಿ. ಚುಚ್ಚಿಯೇ ಇಟ್ಟರೆ, ಫೈಲ್‌ಗೆ ಬೀಗ ಹಾಕಿ ಹಣ ಕೇಳುವ, ಲ್ಯಾಪ್‌ಟಾಪ್‌ಗೆ ಬಂದ ರ‍್ಯಾನ್ಸಂವೇರ್ ಅದಕ್ಕೂ ಬರುತ್ತದೆ. ತಿಂಗಳಿಗೊಮ್ಮೆ ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ, ಟ್ಯಾಲಿ ಬ್ಯಾಕಪ್ ರೀಸ್ಟೋರ್ ಮಾಡಿ, ಡೇ ಬುಕ್ ತೆರೆದು ಕೊನೆಯ ವೋಚರಿನ ತಾರೀಕು ನೋಡಿ.