ಡಿಫಾಗರ್ ಹಾಕಿದರೂ ಹಿಂದಿನ ಗಾಜಿಗೆ ಮತ್ತೆ ಹಬೆ ಕಟ್ಟುವುದೇಕೆ?

ಪ್ರಶ್ನೆ: ಚಳಿಗಾಲದ ಬೆಳಗ್ಗೆ ಡಿಫಾಗರ್ ಒತ್ತಿದರೆ ಕಾರಿನ ಹಿಂದಿನ ಗಾಜು ತಿಳಿಯಾಗುತ್ತದೆ. ಸ್ವಲ್ಪ ಹೊತ್ತಿಗೆ ಗುಂಡಿಯ ದೀಪ ತಾನಾಗಿಯೇ ಆರಿಹೋಗುತ್ತದೆ, ಗಾಜು ಮತ್ತೆ ಮಸುಕಾಗುತ್ತದೆ. ಡಿಫಾಗರ್ ಕೆಟ್ಟಿದೆಯೇ? ದಾರಿಯುದ್ದಕ್ಕೂ ಹಾಕಿಕೊಂಡೇ ಇರಬೇಕೇ?

ಉತ್ತರ: ಕೆಟ್ಟಿಲ್ಲ. ತಾನಾಗಿ ಆರುವಂತೆಯೇ ಅದನ್ನು ಮಾಡಿರುತ್ತಾರೆ. ತೊಂದರೆ ಇರುವುದು ಕಾರಿನೊಳಗಿನ ಗಾಳಿಯಲ್ಲಿ. ಡಿಫಾಗರ್ ಗಾಜನ್ನು ಬಿಸಿ ಮಾಡುತ್ತದೆ, ಅಷ್ಟೇ ಅದರ ಕೆಲಸ. ಗಾಜಿನಿಂದ ಆವಿಯಾಗಿ ಎದ್ದ ನೀರು ಎಲ್ಲಿಗೂ ಹೋಗುವುದಿಲ್ಲ, ಕಾರಿನೊಳಗೇ ಸುಳಿದಾಡುತ್ತಿರುತ್ತದೆ. ಗಾಜು ತಣ್ಣಗಾದದ್ದೇ ತಡ, ಅದೇ ನೀರು ಬಂದು ಮತ್ತೆ ಕೂರುತ್ತದೆ.

ಹಿಂದಿನ ಗಾಜಿನ ಒಳಮೈಯಲ್ಲಿ ಅಡ್ಡಡ್ಡಲಾಗಿ ಕಾಣುವ ಸಣ್ಣ ಗೆರೆಗಳು ಬೆಳ್ಳಿ ಬೆರೆತ ಲೇಪ. ಗಾಜಿನ ಮೇಲೆ ಅಚ್ಚೊತ್ತಿ, ಕಾಯಿಸಿ ಕೂರಿಸಿದ್ದು. 12 ವೋಲ್ಟ್‌ನ ವಿದ್ಯುತ್ ಅವುಗಳಲ್ಲಿ ಹರಿದಾಗ ಬಿಸಿಯಾಗುತ್ತವೆ. ಸಾಮಾನ್ಯ ಕಾರಿನಲ್ಲಿ ಇದು 10ರಿಂದ 20 ಆಂಪಿಯರ್ ಎಳೆಯುತ್ತದೆ. 15 ಆಂಪಿಯರ್ ಎಂದಿಟ್ಟುಕೊಂಡರೂ 180 ವ್ಯಾಟ್ ಆಯಿತು. ಬ್ಯಾಟರಿಗೆ ಇದು ಸಣ್ಣ ಹೊರೆಯಲ್ಲ. ಅದಕ್ಕೇ 10–20 ನಿಮಿಷಕ್ಕೆ ಆರಿಸುವ ಟೈಮರ್ ಇಟ್ಟಿರುವುದು. ಎಂಜಿನ್ ಓಡುತ್ತಿರುವಾಗ ಮಾತ್ರ ಹಾಕಿ. ಗಾಜು ತಿಳಿಯಾದರೆ ಟೈಮರ್‌ಗಾಗಿ ಕಾಯದೆ ನೀವೇ ಆರಿಸಿ.

ಈಗ ಗಾಳಿಯ ವಿಷಯ. ಒಳಗೆ 20 ಡಿಗ್ರಿ ಸೆಲ್ಸಿಯಸ್ ಬಿಸಿ, ಶೇ. 50ರಷ್ಟು ತೇವಾಂಶ ಇದೆ ಎನ್ನಿ. ಆಗ ಗಾಜು ಸುಮಾರು 9 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಹಬೆ ಕಟ್ಟುತ್ತದೆ. ತೇವಾಂಶ ಶೇ. 80ಕ್ಕೆ ಏರಿತೋ, 16 ಡಿಗ್ರಿಯ ಗಾಜಿಗೂ ಕಟ್ಟುತ್ತದೆ. ಈ ತೇವವನ್ನು ಏರಿಸುವವರು ನಾವೇ. ನಾಲ್ಕು ಜನರ ಉಸಿರು, ಒದ್ದೆ ಕೊಡೆ, ನೆನೆದ ಶೂ, ಕಾಲ್ಚಾಪೆಯ ಅಡಿಯಲ್ಲಿ ವಾರದಿಂದ ಒಣಗದೆ ಉಳಿದ ನೀರು. ಅದರ ಮೇಲೆ, ಚಳಿ ಎಂದು ರಿಸರ್ಕ್ಯುಲೇಷನ್ ಗುಂಡಿ ಒತ್ತಿಟ್ಟರೆ ಅದೇ ಒದ್ದೆ ಗಾಳಿ ಒಳಗೇ ತಿರುಗುತ್ತದೆ. ನಿಮ್ಮಂತೆ ಕೇಳಿದವರಿಗೆಲ್ಲ ನಾನು ಮೊದಲು ನೋಡಲು ಹೇಳುವುದು ಆ ಗುಂಡಿಯನ್ನೇ.

ಹೊರಗೇ ಮಂಜು ಕವಿದಿರುವಾಗ ಆ ಗಾಳಿಯನ್ನು ಒಳಗೆ ಬಿಟ್ಟುಕೊಂಡರೆ ಹೆಚ್ಚಾಗದೇ ಎಂಬ ಅನುಮಾನ ಬರುತ್ತದೆ, ಸಹಜವೇ. ಆದರೆ ತಣ್ಣನೆಯ ಗಾಳಿ ಎಷ್ಟೇ ಒದ್ದೆಯಾಗಿ ಕಂಡರೂ ಅದರಲ್ಲಿ ನೀರು ಕಡಿಮೆ. ಶೂನ್ಯ ಡಿಗ್ರಿಯ ಗಾಳಿ ಒಂದು ಘನ ಮೀಟರ್‌ಗೆ ಹೆಚ್ಚೆಂದರೆ 5 ಗ್ರಾಂನಷ್ಟು ಆವಿ ಹಿಡಿದೀತು; 20 ಡಿಗ್ರಿಯದು 17 ಗ್ರಾಂ. ತೇವದಿಂದ ತುಂಬಿಹೋದ ಶೂನ್ಯ ಡಿಗ್ರಿಯ ಗಾಳಿಯನ್ನೇ ಹೀಟರ್ 20 ಡಿಗ್ರಿಗೆ ಕಾಯಿಸಿದರೆ ಅದರ ತೇವಾಂಶ ಶೇ. 30ಕ್ಕೂ ಕೆಳಗೆ ಇಳಿಯುತ್ತದೆ. ಗಾಜಿನ ಹಬೆಯನ್ನು ಹೀರಿಕೊಳ್ಳಲು ಇದಕ್ಕಿಂತ ಒಳ್ಳೆಯ ಗಾಳಿ ಇನ್ನೆಲ್ಲಿ ಸಿಕ್ಕೀತು!

ಹಾಗಾಗಿ ಕ್ರಮ ಇಷ್ಟು: ಎಂಜಿನ್ ಚಾಲೂ ಮಾಡಿದೊಡನೆ ಡಿಫಾಗರ್ ಒತ್ತಿ. ರಿಸರ್ಕ್ಯುಲೇಷನ್ ಆರಿಸಿ, ಹೀಟರ್ ಬಿಸಿಗೆ ತಿರುಗಿಸಿ, ಜೊತೆಗೆ ಏಸಿಯನ್ನೂ ಹಾಕಿ. ಚಳಿಯಲ್ಲಿ ಏಸಿಯೇ ಎಂದು ಹಿಂಜರಿಯಬೇಡಿ. ಏಸಿ ಗಾಳಿಯಲ್ಲಿನ ನೀರನ್ನು ಇಳಿಸಿ ಹೊರಗೆ ಸುರಿಯುತ್ತದೆ, ಹೀಟರ್ ಆ ಒಣ ಗಾಳಿಯನ್ನು ಬೆಚ್ಚಗೆ ಮಾಡುತ್ತದೆ. ಹೊರಗೆ ಶೂನ್ಯದ ಆಸುಪಾಸಿಗೆ ಇಳಿದಾಗ ಅನೇಕ ಕಾರುಗಳ ಕಂಪ್ರೆಸರ್ ತಾನೇ ನಿಂತುಬಿಡುತ್ತದೆ. ಆಗ ಹೊರಗಾಳಿಯೇ ಸಾಕಷ್ಟು ಒಣದು. ಕಿಟಕಿಯನ್ನು ಒಂದು ಬೆರಳಿನಷ್ಟು ಇಳಿಸಿದರೂ ಒಳಗಿನ ತೇವ ಬೇಗ ಹೋಗುತ್ತದೆ.

ಗಾಜಿನ ಹೊರಗೆ ದಪ್ಪ ಹಿಮ ಕೂತಿದ್ದರೆ ಮೊದಲು ಅದನ್ನು ಕೆರೆದು ತೆಗೆಯಿರಿ. ಡಿಫಾಗರ್‌ಗೆ ತೆಳು ಪದರವನ್ನಷ್ಟೇ ಬಿಡಿ. ಬಿಸಿನೀರು ಮಾತ್ರ ಸುರಿಯಬೇಡಿ, ಗಾಜು ಒಡೆದೀತು. ಮತ್ತೊಂದು ಮಾತು. ನಡುವೆ ಅಂಗೈಯಗಲ ತಿಳಿಯಾದೊಡನೆ ಗಾಡಿ ಹಿಂದಕ್ಕೆ ತೆಗೆಯುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ. ಕಾರಿನ ಹಿಂದೆ ನಿಂತ ಮಗು ಸ್ವಚ್ಛ ಗಾಜಿನಲ್ಲೇ ಸರಿಯಾಗಿ ಕಾಣುವುದಿಲ್ಲ. ಪೂರ್ತಿ ತಿಳಿಯಾಗಲಿ, ಆಮೇಲೆ ಹೊರಡಿ.

ಗಾಜನ್ನು ಕೈಯಿಂದ ಒರೆಸುವ ಅಭ್ಯಾಸವಿದ್ದರೆ ಬಿಡಿ. ಜಿಡ್ಡು ಮೆತ್ತಿದ ಗಾಜು ಹಬೆಯನ್ನು ಇನ್ನೂ ಬೇಗ ಹಿಡಿಯುತ್ತದೆ. ಮೆತ್ತನೆ ಬಟ್ಟೆಯಿಂದ, ಗೆರೆಗಳು ಹೋಗುವ ದಿಕ್ಕಿನಲ್ಲೇ ಒರೆಸಿ. ಒಳಗಡೆ ಅಂಟಿಸಿದ ಸ್ಟಿಕ್ಕರನ್ನು ಬ್ಲೇಡಿನಿಂದ ಕೆರೆದರೆ, ಹಳೆಯ ಸನ್‌ಫಿಲ್ಮನ್ನು ಒಂದೇ ಎಳೆತಕ್ಕೆ ಕಿತ್ತರೆ ಗೆರೆಗಳು ತುಂಡಾಗುತ್ತವೆ. ಡಿಕ್ಕಿಯಲ್ಲಿ ಒಟ್ಟಿದ ಸಾಮಾನು ಗಾಜಿಗೆ ಉಜ್ಜುತ್ತಿದ್ದರೂ ಹಾಗೆಯೇ.

ತುಂಡಾಗಿದೆಯೇ ಎಂದು ತಿಳಿಯಲು ಹಬೆಯೇ ಸಾಕ್ಷಿ. ಡಿಫಾಗರ್ ಹಾಕಿ ನೋಡುತ್ತಿರಿ. ಎಲ್ಲ ಗೆರೆಗಳ ಸುತ್ತ ತಿಳಿಯಾಗಿ ಒಂದರಲ್ಲಿ ಮಾತ್ರ ಮಸುಕು ಉಳಿದರೆ ಆ ಗೆರೆ ಕಡಿದಿದೆ. ಪ್ರತಿ ಗೆರೆಗೂ ವಿದ್ಯುತ್ ಬೇರೆಯಾಗಿ ಹೋಗುವುದರಿಂದ ಒಂದು ಹೋದರೂ ಉಳಿದವು ಕೆಲಸ ಮಾಡುತ್ತವೆ. ಒಂದೂ ಬಿಸಿಯಾಗದಿದ್ದರೆ ಫ್ಯೂಸ್, ರಿಲೇ, ಗಾಜಿನ ಅಂಚಿನಲ್ಲಿ ವೈರ್ ಸೇರುವ ತಗಡು, ಈ ಮೂರನ್ನು ನೋಡಬೇಕು. ಕಡಿದ ಜಾಗ ಕಣ್ಣಿಗೆ ಬೀಳದಿದ್ದರೆ ಮಲ್ಟಿಮೀಟರ್ ಹಿಡಿಯಿರಿ. ಸರಿಯಿರುವ ಗೆರೆಯ ನಟ್ಟನಡುವೆ ಸುಮಾರು 6 ವೋಲ್ಟ್ ತೋರಿಸುತ್ತದೆ. ಕಡಿದದ್ದರಲ್ಲಿ 12 ಅಥವಾ ಸೊನ್ನೆ. ಮೀಟರಿನ ಮೊನೆಯನ್ನು ಗೆರೆಯುದ್ದಕ್ಕೂ ಸರಿಸುತ್ತ ಹೋದರೆ ಒಂದು ಕಡೆ ಅಂಕಿ ಥಟ್ಟನೆ ಬದಲಾಗುತ್ತದೆ. ಅಲ್ಲೇ ಕಡಿದಿರುವುದು. ಮೇಲೂ ಕೆಳಗೂ ಟೇಪ್ ಅಂಟಿಸಿ, ನಡುವಿನ ಕಿರುಗೆರೆಗೆ ವಿದ್ಯುತ್ ಹರಿಸುವ ಬೆಳ್ಳಿ ಬಣ್ಣ ಹಚ್ಚಿ, ಪೂರ್ತಿ ಒಣಗುವ ತನಕ ಡಿಫಾಗರ್ ಮುಟ್ಟದಿದ್ದರೆ ಆ ಗೆರೆಗೆ ಮತ್ತೆ ಬಿಸಿ ಬರುತ್ತದೆ.