ಮುತ್ತು, ಹವಳ ಮತ್ತು ಅವಗೆಂಪು ಬೆಳಕು

ಚಂದ್ರನಿಗೆ ಮುತ್ತು, ಕುಜನಿಗೆ ಹವಳ ಎಂದು ಗ್ರಹಗಳಿಗೆ ರತ್ನಗಳನ್ನು ಹಂಚಿಕೊಡುವವರು, ಈ ಎರಡೂ ಬಹುಪಾಲು ಸುಣ್ಣದ ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟೇ ಎಂಬುದನ್ನು ಹೇಳುವುದಿಲ್ಲ. ಇವುಗಳ ನಿಜವಾದ ವ್ಯತ್ಯಾಸವಿರುವುದು ಪರಮಾಣುಗಳ ಜೋಡಣೆಯಲ್ಲಿ: ಮುತ್ತಿನಲ್ಲಿ ಹೆಚ್ಚಾಗಿರುವುದು ಅರಗೊನೈಟ್, ಕೆಂಪು ಹವಳದಲ್ಲಿ ಮೆಗ್ನೀಸಿಯಂ ಬೆರೆತ ಕ್ಯಾಲ್ಸೈಟ್; ಇವೆರಡೂ ಕ್ಯಾಲ್ಸಿಯಂ ಕಾರ್ಬೊನೇಟಿನ ಬೇರೆ ಬೇರೆ ಸ್ಫಟಿಕ ರೂಪಗಳು. ಈ ಜೋಡಣೆಯನ್ನೇ ಓದಿ ಹೇಳುವ ವಿಧಾನ ಅವಗೆಂಪು ರೋಹಿತದರ್ಶನ.

1800ರಲ್ಲಿ ಖಗೋಳವಿಜ್ಞಾನಿ ವಿಲಿಯಂ ಹರ್ಷೆಲ್ ಬಿಸಿಲನ್ನು ಅಶ್ರಗದ ಮೂಲಕ ಹಾಯಿಸಿ, ಕೆಂಪು ಬಣ್ಣದ ಆಚೆ ಬೆಳಕೇ ಕಾಣದ ಕಡೆ ಇಟ್ಟ ಉಷ್ಣಮಾಪಕವೂ ಬಿಸಿಯಾಗುವುದನ್ನು ಕಂಡರು. ಕಣ್ಣಿಗೆ ಕಾಣದ ಆ ಕಿರಣಗಳೇ ಅವಗೆಂಪು ಬೆಳಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ವಿಲಿಯಂ ಕೋಬ್ಲೆಂಟ್ಜ್ ಅನೇಕ ಖನಿಜಗಳು ಈ ಕಿರಣಗಳನ್ನು ಹೀರುವ ಬಗೆಯನ್ನು ಬಹು ತಾಳ್ಮೆಯಿಂದ ಅಳೆದು ದಾಖಲಿಸಿದರು.

ಮಡಕೆ ಕೊಳ್ಳುವವರು ಅದನ್ನು ಬೆರಳಿನಿಂದ ತಟ್ಟಿ ನಾದ ಕೇಳುವಂತೆ, ಇಲ್ಲಿ ಬೆಳಕು ಪರಮಾಣುಗಳ ಬಂಧವನ್ನು ತಟ್ಟುತ್ತದೆ. ಬಂಧದ ಕಂಪನಕ್ಕೆ ಸರಿಹೊಂದುವ ಆವರ್ತನದ ಬೆಳಕು ಹೀರಲ್ಪಡುತ್ತದೆ. ಆದರೆ ಆ ಕಂಪನವು ವಿದ್ಯುದಾವೇಶದ ಹಂಚಿಕೆಯನ್ನು ಒಂದು ಬದಿಗೆ ವಾಲಿಸುವಂತಿರಬೇಕು. ಕಾರ್ಬೊನೇಟಿನಲ್ಲಿ ಒಂದು ಇಂಗಾಲದ ಸುತ್ತ ಮೂರು ಆಮ್ಲಜನಕಗಳು ಒಂದೇ ಸಮತಲದಲ್ಲಿ ತ್ರಿಕೋನವಾಗಿ ನಿಂತಿವೆ. ಈ ಮೂರೂ ಒಟ್ಟಿಗೆ ಹೊರಚಾಚಿ ಒಳಸರಿದರೆ ಕ್ಯಾಲ್ಸೈಟಿನಲ್ಲಿ ಸಮತೋಲ ಕೆಡುವುದಿಲ್ಲ, ಆದ್ದರಿಂದ ಬೆಳಕಿಗೆ ಅದು ಸಿಕ್ಕುವುದೇ ಇಲ್ಲ. ಅರಗೊನೈಟಿನಲ್ಲಿ ಸುತ್ತಲಿನ ಕ್ಯಾಲ್ಸಿಯಂಗಳ ವ್ಯವಸ್ಥೆ ಅಷ್ಟು ಸಮರೂಪವಾಗಿಲ್ಲದ ಕಾರಣ ಅದೇ ಕಂಪನ ಪ್ರತಿ ಸೆಂಟಿಮೀಟರಿಗೆ ಸುಮಾರು 1083 ತರಂಗಗಳ ಬಳಿ, ಯಾವ ಬೆಳಕು ಎಷ್ಟು ಹೀರಲ್ಪಟ್ಟಿತೆಂದು ತೋರಿಸುವ ನಕ್ಷೆಯಲ್ಲಿ, ಸಣ್ಣ ಗೆರೆಯಾಗಿ ಮೂಡುತ್ತದೆ. ಕ್ಯಾಲ್ಸೈಟಿನಲ್ಲಿ 712ರ ಬಳಿ ಒಂಟಿಯಾಗಿರುವ ಗೆರೆ ಅರಗೊನೈಟಿನಲ್ಲಿ 712 ಮತ್ತು 700 ಎಂದು ಜೋಡಿಯಾಗುತ್ತದೆ. ರಾಸಾಯನಿಕ ಸೂತ್ರ ಬಚ್ಚಿಟ್ಟಿದ್ದನ್ನು ಒಂದು ಗೆರೆಯ ಸೀಳು ಬಯಲು ಮಾಡುವುದು ನನಗೆ ಇಂದಿಗೂ ಅಚ್ಚರಿಯ ಸಂಗತಿ.

ಪರೀಕ್ಷೆಗೆ ಒಂದೆರಡು ಮಿಲಿಗ್ರಾಂ ಪುಡಿ ಸಾಕು. ಅದನ್ನು ಅಗೇಟ್ ಎಂಬ ಗಟ್ಟಿ ಕಲ್ಲಿನ ಕಲ್ಬತ್ತಿನಲ್ಲಿ ನುಣ್ಣಗೆ ಅರೆದು, ನೂರು ಪಾಲಿಗೂ ಹೆಚ್ಚು ಪೊಟ್ಯಾಸಿಯಂ ಬ್ರೋಮೈಡಿನೊಡನೆ ಬೆರೆಸಿ ಒತ್ತಿದರೆ ಗಾಜಿನಂಥ ತೆಳು ಬಿಲ್ಲೆ ಸಿಗುತ್ತದೆ. ಈ ಲವಣ ಆ ವ್ಯಾಪ್ತಿಯ ಬೆಳಕನ್ನು ಹೀರುವುದಿಲ್ಲ; ಆದರೆ ಗಾಳಿಯ ತೇವವನ್ನು ಹೀರುತ್ತದೆ, ಆಗ 3400ರ ಆಸುಪಾಸಿನಲ್ಲಿ ಮೂಡುವ ಅಗಲವಾದ ತಗ್ಗನ್ನು ಖನಿಜದಲ್ಲಿರುವ ನೀರೆಂದು ಭಾವಿಸುವ ಅಪಾಯವಿದೆ. ಆಭರಣವನ್ನು ಪುಡಿ ಮಾಡಲಾಗದು, ಆದ್ದರಿಂದ ಅಲ್ಲಿ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕನ್ನೇ ಅಳೆಯುತ್ತಾರೆ.

ಹವಳವೆಂದು ಮಾರಿದ ಕೆಂಪು ಗಾಜಿನಲ್ಲಿ ಕಾರ್ಬೊನೇಟಿನ ಗೆರೆಗಳೇ ಇರುವುದಿಲ್ಲ, ಅದು ಕೂಡಲೇ ಸಿಕ್ಕಿಬೀಳುತ್ತದೆ. ಆದರೆ ಸಹಜ ಮುತ್ತನ್ನೂ ಸಾಕಿ ಬೆಳೆಸಿದ ಮುತ್ತನ್ನೂ ಬೇರ್ಪಡಿಸಲು ಈ ವಿಧಾನ ಸಾಲದು. ಎರಡರ ಪದರಗಳೂ ಅರಗೊನೈಟೇ ಆಗಿರುವುದರಿಂದ ಒಳಗಿನ ರಚನೆಯನ್ನು ಎಕ್ಸ್-ರೇ ಚಿತ್ರದಲ್ಲಿಯೇ ನೋಡಬೇಕು.