ಬರೀ ಹಿಂಡಿ ಹಾಕಿದರೆ ಮೀನು ಬೇಗ ಬೆಳೆಯುತ್ತಾ?

ರಾತ್ರಿ ನೆನೆಸಿಟ್ಟ ಕಡಲೆಕಾಯಿ ಹಿಂಡಿ ಬೆಳಗಾಗುವಷ್ಟರಲ್ಲಿ ಮೆತ್ತಗಾಗಿ, ಸಣ್ಣಗೆ ಹುಳಿ ವಾಸನೆ ಬರುತ್ತಿರುತ್ತದೆ. ಅದಕ್ಕೆ ಅಷ್ಟೇ ತೂಕದ ಅಕ್ಕಿ ತೌಡು ಕಲೆಸಿ, ತೂತು ಮಾಡಿದ ಚೀಲಕ್ಕೆ ತುಂಬಿ, ಹೊಂಡದಲ್ಲಿ ನೆಟ್ಟ ಬಿದಿರಿಗೆ ಕಟ್ಟುತ್ತಾರೆ. ಸ್ವಲ್ಪ ಹೊತ್ತಿಗೆ ಬಿದಿರು ಅಲುಗಾಡತೊಡಗುತ್ತದೆ. ಕೆಳಗೆ ರೋಹು ಮೀನುಗಳು ತೂತಿಗೆ ಬಾಯಿಟ್ಟು ಎಳೆಯುತ್ತಿರುತ್ತವೆ.

ಕಾಟ್ಲಾ, ರೋಹು, ಮೃಗಾಲ್‌ನಂಥ ಗೆಂಡೆ ಮೀನು ಸಾಕುವವರ ಹಳೇ ಮೇವು ಇದು. ಹಿಂಡಿಯಲ್ಲಿ ಸುಮಾರು 40% ಪ್ರೋಟೀನ್, ತೌಡಿನಲ್ಲಿ 12%. ಸಮ ಬೆರೆಸಿದರೆ 26%. ಹಾಗಾದರೆ ಬರೀ ಹಿಂಡಿ ಹಾಕಿದರೆ ಇನ್ನೂ ಬೇಗ ಬೆಳೆಯಬೇಕಲ್ವಾ?

ಇಲ್ಲ. ಪ್ರೋಟೀನ್ ಏರಿಸುತ್ತಾ ಹೋದಂತೆ ಬೆಳವಣಿಗೆಯೂ ಏರುತ್ತದೆ, ಆದರೆ ಒಂದು ಮಟ್ಟದವರೆಗೆ ಮಾತ್ರ. ಆಮೇಲೆ ಅಲ್ಲೇ ನಿಲ್ಲುತ್ತದೆ. ತೀರಾ ಜಾಸ್ತಿಯಾದರೆ ಇಳಿಯುವುದೂ ಉಂಟು. ಆ ಮಟ್ಟ ಎಲ್ಲ ಮೀನಿಗೂ ಒಂದೇ ಅಲ್ಲ. ಎಳೆ ಮರಿಗಳಿಗೆ 35–40% ಬೇಕು. ಬೆಳೆದ ಗೆಂಡೆ ಜಾತಿಯ ಮೀನಿಗೆ 25–30% ಸಾಕು. ಬೇರೆ ಮೀನು ತಿಂದು ಬದುಕುವ ಸಾಲ್ಮನ್‌ಗೆ 40% ಆಸುಪಾಸು ಬೇಕು.

ಕೋಳಿ ಮೇವಿನಲ್ಲಿ ಇರುವುದು 20% ಚಿಲ್ಲರೆ. ಮೀನಿಗೆ ಯಾಕೆ ಇಷ್ಟು? ಅದೇನು ಪ್ರೋಟೀನ್‌ಬಾಕ ಪ್ರಾಣಿಯಲ್ಲ. ಕೋಳಿ ತಿಂದದ್ದರಲ್ಲಿ ದೊಡ್ಡ ಪಾಲು ಮೈ ಬಿಸಿ ಇಟ್ಟುಕೊಳ್ಳಲು, ಕಾಲ ಮೇಲೆ ನಿಲ್ಲಲು ಖರ್ಚಾಗುತ್ತದೆ. ಮೀನಿನ ಮೈ ನೀರಿನಷ್ಟೇ ತಣ್ಣಗೆ, ಅದರ ಭಾರ ಹೊರುವುದು ನೀರು. ಹಾಗಾಗಿ ಶಕ್ತಿಗೆಂದು ತಿನ್ನಬೇಕಾದದ್ದು ಕಡಿಮೆ. ಒಟ್ಟು ಮೇವೇ ಕಡಿಮೆಯಾದಾಗ ಅದರಲ್ಲಿ ಪ್ರೋಟೀನಿನ ಪಾಲು ಸಹಜವಾಗಿ ದೊಡ್ಡದಾಗಿ ಕಾಣುತ್ತದೆ. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ಮಾತು ಇದೇ.

ಇನ್ನು ಹೆಚ್ಚಾದದ್ದು ಎಲ್ಲಿಗೆ ಹೋಗುತ್ತದೆ? ಕೊಬ್ಬನ್ನು ಕೂಡಿಡುವ ಹಾಗೆ ಮೀನು ಪ್ರೋಟೀನನ್ನು ಕೂಡಿಡಲಾರದು. ಅದರಲ್ಲಿರುವ ಸಾರಜನಕವನ್ನು ಬೇರ್ಪಡಿಸಿ, ಉಳಿದದ್ದನ್ನು ಸೌದೆಯಂತೆ ಉರಿಸುತ್ತದೆ. ಆ ಸಾರಜನಕ ಅಮೋನಿಯಾ ಆಗಿ ಕಿವಿರಿನಿಂದ ನೇರ ನೀರಿಗೆ ಸೇರುತ್ತದೆ. ಲೆಕ್ಕ ಹಾಕಿ ನೋಡಿ: 30% ಪ್ರೋಟೀನಿನ 100 ಕೆಜಿ ಮೇವಿನಲ್ಲಿ 4.8 ಕೆಜಿ ಸಾರಜನಕ ಇರುತ್ತದೆ. ಮೀನಿನ ಮೈಗೆ ಹತ್ತುವುದು ಹೆಚ್ಚುಕಮ್ಮಿ ಅದರ ಮೂರನೇ ಒಂದು ಪಾಲು. ಉಳಿದ ಸುಮಾರು 3 ಕೆಜಿ ಹೊಂಡಕ್ಕೆ! ಅದನ್ನುಂಡು ಪಾಚಿ ಬೆಳೆದು ನೀರು ಹಸಿರುಗಟ್ಟುತ್ತದೆ. ಆ ಪಾಚಿಯೂ ರಾತ್ರಿಯೆಲ್ಲ ಉಸಿರಾಡುವುದರಿಂದ ನಸುಕಿನಲ್ಲಿ ಆಮ್ಲಜನಕ ಸಾಲದೆ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಆ ನೋಟ ಕಂಡವರು ಮರೆಯುವುದಿಲ್ಲ. ದುಡ್ಡು ಕೊಟ್ಟು ತಂದ ಹಿಂಡಿಯೇ ಹೀಗೆ ಮೀನಿನ ಉಸಿರು ಕಟ್ಟಿಸುವುದು ಸಂಕಟದ ಸಂಗತಿ.

ಪರ್ಸೆಂಟ್ ಒಂದೇ ನೋಡಿದರೂ ಸಾಲದು. ಪ್ರೋಟೀನ್ ಕಟ್ಟಿರುವುದು ಅಮೈನೋ ಆಮ್ಲಗಳೆಂಬ ಬಿಡಿ ತುಂಡುಗಳಿಂದ. ಅವುಗಳಲ್ಲಿ 10 ಬಗೆಯವು ಮೀನಿಗೆ ಮೇವಿನಿಂದಲೇ ಸಿಗಬೇಕು. ಕಡಲೆಕಾಯಿ ಹಿಂಡಿಯಲ್ಲಿ ಅವುಗಳ ಪೈಕಿ ಲೈಸಿನ್, ಮೆಥಿಯೋನಿನ್ ಕಡಿಮೆ. ಅವೆರಡು ಮುಗಿದ ಕೂಡಲೇ ಉಳಿದವು ಎಷ್ಟಿದ್ದರೂ ಮಾಂಸವಾಗುವುದಿಲ್ಲ. ಮೀನುಪುಡಿಯಲ್ಲಿ ಅವು ಚೆನ್ನಾಗಿವೆ, ಆದರೆ ಬೆಲೆ ಜಾಸ್ತಿ. ನಮ್ಮ ಕರಾವಳಿಯ ಬೂತಾಯಿಯೂ ಆ ಪುಡಿಗೆ ಹೋಗುತ್ತದೆ, ಅಂದರೆ ಊಟದ ಮೀನನ್ನೇ ಮೀನಿಗೆ ಹಾಕಿದಂತೆ. ಹೊಂಡದಲ್ಲೇ ಹುಟ್ಟಿ ನೀರಿನಲ್ಲಿ ತೇಲಾಡುವ ಸಣ್ಣ ಜೀವಿಗಳು, ಅಂದರೆ ಪ್ರಾಣಿ ಪ್ಲವಕಗಳು ಮಾತ್ರ ಒಳ್ಳೇ ಪ್ರೋಟೀನನ್ನು ಪುಕ್ಕಟೆ ಕೊಡುತ್ತವೆ. ಅದಕ್ಕೇ ರೈತರು ಮೊದಲು ಸಗಣಿ ಗೊಬ್ಬರ ಹಾಕಿ ನೀರನ್ನು ಹದ ಮಾಡಿಕೊಳ್ಳುವುದು.

ಮಂಗಳೂರಿನ ಮೀನುಗಾರಿಕಾ ಕಾಲೇಜು ಶುರುವಾದದ್ದು 1969ರಲ್ಲಿ, ದೇಶದಲ್ಲೇ ಮೊದಲನೆಯದು. ಅಲ್ಲಿದ್ದ ಎಂ. ಸಿ. ನಂದೀಶ ಅವರು 1990ರ ದಶಕದಲ್ಲಿ ಮೀನು ಸಾಕಣೆ ವಿಜ್ಞಾನಿ ಸೇನಾ ಡಿ ಸಿಲ್ವಾ ಜೊತೆ ಸೇರಿ ಒಂದು ಸರಳ ಪ್ರಯೋಗ ಮಾಡಿದರು. ಕಾಟ್ಲಾ, ರೋಹುಗಳಿಗೆ ದಿನಾ ಪ್ರೋಟೀನ್ ಜಾಸ್ತಿ ಇರುವ ಗಟ್ಟಿ ಮೇವು ಕೊಡುವ ಬದಲು, ಒಂದಷ್ಟು ದಿನ ಪ್ರೋಟೀನ್ ಜಾಸ್ತಿ ಇರುವುದು, ಒಂದಷ್ಟು ದಿನ ಕಡಿಮೆ ಇರುವುದು, ಹೀಗೆ ಸರದಿ ಮೇಲೆ ಕೊಟ್ಟರು. ಸರಿಯಾದ ಸರದಿಯಲ್ಲಿ ತಿಂದ ಮೀನುಗಳು ದಿನಾ ಗಟ್ಟಿ ಮೇವು ತಿಂದವುಗಳಿಗೆ ಸಮನಾಗಿ ಬೆಳೆದವು.